ಇಂದಿನ ವಿಶೇಷ: ಅಂಗಡಿಯ ಮಾತು ದಿನದಿನಕ್ಕೂ ಹೊಸದಾದ ಬಗೆ

ಬನದ ಹುಣ್ಣಿಮೆಯಂದು ಬಾದಾಮಿ ಬಳಿಯ ಬನಶಂಕರಿಯಲ್ಲಿ ತೇರು ಎಳೆಯುತ್ತಾರೆ. ತೇರು ಒಂದು ದಿನದ್ದು, ಜಾತ್ರೆ ವಾರಗಟ್ಟಲೆ ನಡೆಯುವಂಥದ್ದು. ಆ ದಿನಗಳಲ್ಲಿ ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಗಳು ಬಂದು ತಗಡಿನ ಥಿಯೇಟರು ಕಟ್ಟಿಕೊಂಡು ಒಂದರ ಪಕ್ಕ ಒಂದು ಬೀಡುಬಿಡುತ್ತವೆ. ಎಲ್ಲರಿಗೂ ಅದೇ ದಾರಿ, ಅದೇ ಜನ, ಅದೇ ರಾತ್ರಿ. ಬಾಗಿಲ ಮೇಲೆ ಬಣ್ಣದ ಬೋರ್ಡು, ಮೈಕಿನಲ್ಲಿ ಹಾಸ್ಯನಟನ ಮಾತು, ದಾರಿಹೋಕರ ಕೈಗೆ ಕರಪತ್ರ. ಆಚೆ ಕಂಪನಿಯವರು ನಿನ್ನೆ ಹೊಸದೊಂದು ಮಾತು ಸೇರಿಸಿದ್ದರೆ ಈಚೆಯವರು ಇವತ್ತೇ ಅದಕ್ಕೆ ಉತ್ತರ ಹುಡುಕಬೇಕು. ಇಲ್ಲದಿದ್ದರೆ ಪ್ರೇಕ್ಷಕ ಹತ್ತು ಹೆಜ್ಜೆ ಮುಂದೆ ಹೋಗಿ ಇನ್ನೊಬ್ಬರ ಟಿಕೆಟ್ ಕೊಳ್ಳುತ್ತಾನೆ.

ಊರಿನ ಬೇಕರಿ, ಸೀರೆ ಅಂಗಡಿ, ಮೆಸ್ಸು, ನರ್ಸರಿ ನಡೆಸುವವರು ಇಂದು ಫೋನ್ ಹಿಡಿದು ಕೇಳಿಕೊಳ್ಳುವುದೂ ಇದನ್ನೇ: ಇವತ್ತು ಏನು ಹಾಕೋದು? ಇನ್‌ಸ್ಟಾಗ್ರಾಮ್ ಬಂದ ಮೇಲೆ ಹುಟ್ಟಿದ ತಲೆನೋವು ಇದೆಂದು ಹಲವರು ತಿಳಿದಿದ್ದಾರೆ. ಆದರೆ ಕರ್ನಾಟಕದ ಸಣ್ಣ ವ್ಯಾಪಾರ ಈ ಪ್ರಶ್ನೆಗೆ ನೂರಕ್ಕೂ ಹೆಚ್ಚು ವರ್ಷಗಳಿಂದ ಉತ್ತರ ಹುಡುಕುತ್ತಲೇ ಬಂದಿದೆ. ಕಾರಣ ಸರಳ. ದೊಡ್ಡ ಕಂಪನಿಯ ಮಾತನ್ನು ಕೇಳುವವರು ಕೋಟಿ ಜನ; ಒಂದೇ ಜಾಹೀರಾತನ್ನು ವರ್ಷವಿಡೀ ಓಡಿಸಿದರೂ ಅದನ್ನು ಮೊದಲ ಸಲ ನೋಡುವವರು ಎಲ್ಲೋ ಇದ್ದೇ ಇರುತ್ತಾರೆ. ಸಣ್ಣ ವ್ಯಾಪಾರಿಯ ಮಾತು ಕೇಳುವವರು ಅದೇ ಬೀದಿಯ, ಅದೇ ಊರಿನ ಕೆಲವು ನೂರು ಮಂದಿ. ಅಂಗಡಿಯ ಹೆಸರು, ಮಾಲೀಕರ ಮುಖ, ಬಾಗಿಲು ತೆಗೆಯುವ ಹೊತ್ತು ಎಲ್ಲವೂ ಅವರಿಗೆ ಗೊತ್ತು. ಗೊತ್ತಿಲ್ಲದ್ದು ಒಂದೇ: ಇವತ್ತು ಹೊಸದೇನು?

ವ್ಯಾಪಾರಿ ತನ್ನನ್ನು ತಾನು ಹೊಗಳಿಕೊಳ್ಳುವುದಂತೂ ಇನ್ನೂ ಹಳೆಯದು. ಐಹೊಳೆಯ ಹೆಸರನ್ನೇ ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘ ದಕ್ಷಿಣ ಭಾರತದ ಉದ್ದಗಲಕ್ಕೂ ವ್ಯಾಪಾರ ನಡೆಸಿತು. ಶಿಕಾರಿಪುರ ಭಾಗದ 11ನೇ ಶತಮಾನದ ಶಾಸನವೊಂದು ಆ ವರ್ತಕರನ್ನು ಹಾಡಿ ಹೊಗಳುತ್ತದೆ. ಅವರು ಓಡಾಡಿದ ಚೇರ, ಚೋಳ, ಪಾಂಡ್ಯ, ಮಗಧ, ಕೋಸಲ, ಸೌರಾಷ್ಟ್ರಗಳ ಹೆಸರು ಅಲ್ಲಿದೆ. ಮಾರಿದ ಆನೆ, ಕುದುರೆ, ನೀಲಮಣಿ, ಮುತ್ತು, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರಗಳ ಪಟ್ಟಿಯಿದೆ. ಓದಿದರೆ ಇಂದಿಗೂ ಬೆರಗಾಗುತ್ತದೆ. ಆದರೆ ಕಲ್ಲಿನಲ್ಲಿ ಕೊರೆದ ಮಾತು ಒಮ್ಮೆ ಹೇಳಿದರೆ ಮುಗಿಯಿತು. ಅದು ಪ್ರತಿಷ್ಠೆಯ ಮಾತು, ನಾಳೆ ಬದಲಾಗಬೇಕಿಲ್ಲ.

ದಿನದಿನದ ಮಾತು ಇದ್ದದ್ದು ಸಂತೆಯಲ್ಲಿ. ಸಂತೆಯ ಕೂಗಿಗೆ ಬೆಳಗಿನ ಬೆಲೆ ಬೇರೆ, ಹೊತ್ತಿಳಿದ ಮೇಲಿನ ಬೆಲೆ ಬೇರೆ. ಮಧ್ಯಾಹ್ನ ಮಳೆ ಮೋಡ ಕವಿದರೆ ಸೊಪ್ಪು ಮಾರುವವರ ರಾಗವೇ ಬದಲಾಗುತ್ತಿತ್ತು. ಊರಿಗೆಲ್ಲ ತಿಳಿಯಬೇಕಾದ ಸುದ್ದಿ ಇದ್ದರೆ ತಮಟೆ ಬಡಿದು ಡಂಗುರ ಸಾರುತ್ತಿದ್ದರು. ಕೂಗಿಗೂ ಡಂಗುರಕ್ಕೂ ಆಯುಷ್ಯ ಒಂದೇ ದಿನ. ಅವುಗಳ ಬಲವೂ ಅದರಲ್ಲೇ ಇತ್ತು: ಕಿವಿಗೆ ಬಿದ್ದದ್ದು ಇವತ್ತಿನದೇ ಎಂಬ ನಂಬಿಕೆ ಕೇಳುಗನಿಗಿತ್ತು.

ಈ ಕೂಗನ್ನು ಕಾಗದಕ್ಕೆ ಇಳಿಸಿದ್ದು ಅಚ್ಚುಕೂಟ. 1843ರ ಜುಲೈ 1ರಂದು ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ತಂದ ‘ಮಂಗಳೂರ ಸಮಾಚಾರ’ದಿಂದ ಕನ್ನಡ ಪತ್ರಿಕೋದ್ಯಮದ ಕಥೆ ಶುರುವಾಗುತ್ತದೆ. ಮುಂದಿನ ದಶಕಗಳಲ್ಲಿ ಜಿಲ್ಲಾ ಕೇಂದ್ರಗಳಿಗೆ, ಆಮೇಲೆ ತಾಲ್ಲೂಕು ಪಟ್ಟಣಗಳಿಗೆ ಸಣ್ಣ ಮುದ್ರಣಾಲಯಗಳು ಬಂದವು. ಕಾಲಲ್ಲಿ ತುಳಿಯುವ ಟ್ರೆಡಲ್ ಯಂತ್ರ, ಕೈಯಲ್ಲಿ ಜೋಡಿಸುವ ಸೀಸದ ಮೊಳೆಗಳು. ಲಗ್ನಪತ್ರಿಕೆ, ರಸೀದಿ ಪುಸ್ತಕಗಳ ನಡುವೆ ಆ ಯಂತ್ರಗಳು ಹ್ಯಾಂಡ್‌ಬಿಲ್ಲುಗಳನ್ನೂ ಹೊರಹಾಕಿದವು. ತೆಳುವಾದ, ಅಗ್ಗದ, ಗುಲಾಬಿ, ಹಳದಿ, ಹಸಿರು ಬಣ್ಣದ ಕಾಗದ. ಬೆಳಿಗ್ಗೆ ಬರೆದುಕೊಟ್ಟರೆ ಸಂಜೆಯೊಳಗೆ ಊರಿನ ಕೈಯಲ್ಲಿರುತ್ತಿತ್ತು.

ಈ ಕಾಗದವನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿದವರು ನಾಟಕ ಕಂಪನಿಯವರು. 1884ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘಕ್ಕೆ ಬಾಲಕನಾಗಿ ಸೇರಿದ ವೀರಣ್ಣ (1891–1972) ಮುಂದೆ ಅದರ ಒಡೆಯರಾದರು, ಊರಿನ ಹೆಸರನ್ನೇ ರಂಗಭೂಮಿಯ ಹೆಸರಾಗಿಸಿದರು. ಆ ಕಾಲದ ಕಂಪನಿಗಳು ಒಂದು ಊರಿನಲ್ಲಿ ಮೊಕ್ಕಾಂ ಹೂಡಿದರೆ ತಿಂಗಳುಗಟ್ಟಲೆ ಕದಲುತ್ತಿರಲಿಲ್ಲ. ಊರಿನ ಜನಸಂಖ್ಯೆ ಕೆಲವೇ ಸಾವಿರ, ಟಿಕೆಟ್ ಕೊಳ್ಳುವ ಶಕ್ತಿಯಿದ್ದವರು ಅದರಲ್ಲೂ ಕಡಿಮೆ. ಮೊದಲ ವಾರ ಜನ ತಾವಾಗಿಯೇ ಬರುತ್ತಿದ್ದರು. ಮೂರನೆಯ ವಾರಕ್ಕೆ ಅದೇ ಜನರನ್ನು ಮತ್ತೆ ಕರೆಸಿಕೊಳ್ಳುವ ಕೆಲಸ ಶುರುವಾಗುತ್ತಿತ್ತು.

ಅದಕ್ಕಾಗಿ ಕಂಪನಿಗಳು ಕಂಡುಕೊಂಡ ದಾರಿಗಳು ಹಲವು. ನಾಟಕಗಳನ್ನು ಸರದಿಯ ಮೇಲೆ ಆಡುವುದು. ಪಾತ್ರ ಅದೇ ಇಟ್ಟು ನಟರನ್ನು ಬದಲಿಸುವುದು. ಊರಿನ ಶಾಲೆಯ ಕಟ್ಟಡಕ್ಕೋ ದೇವಸ್ಥಾನದ ಜೀರ್ಣೋದ್ಧಾರಕ್ಕೋ ಸಹಾಯಾರ್ಥ ಪ್ರಯೋಗ ಇಟ್ಟು ಊರನ್ನೇ ಪಾಲುದಾರನನ್ನಾಗಿ ಮಾಡಿಕೊಳ್ಳುವುದು. ಜನಪ್ರಿಯ ನಟನ ಹೆಸರಿನಲ್ಲಿ ‘ಬೆನಿಫಿಟ್ ನೈಟ್’ ನಡೆಸುವುದು. ಮರಾಠಿ ರಂಗಗೀತೆ, ಪಾರ್ಸಿ ನಾಟಕಗಳ ಮಟ್ಟುಗಳನ್ನು, ಆಮೇಲೆ ಸಿನಿಮಾ ಹಾಡಿನ ಧಾಟಿಗಳನ್ನು ಕನ್ನಡದ ಸಾಹಿತ್ಯಕ್ಕೆ ಹೊಂದಿಸುವುದು. ಇವತ್ತು ಎಲ್ಲರೂ ಗುನುಗುವ ಹಾಡಿಗೆ ಅಂಗಡಿಯವರು ರೀಲ್ಸ್ ಮಾಡುವುದು ಇದೇ ದಾರಿಯ ಮುಂದುವರಿಕೆ.

ಮಧ್ಯಾಹ್ನದ ಹೊತ್ತಿಗೆ ಬ್ಯಾಂಡ್‌ಸೆಟ್ಟಿನೊಂದಿಗೆ ಗಾಡಿಯೊಂದು ಬೀದಿಬೀದಿ ಸುತ್ತುತ್ತಿತ್ತು. ಗಾಡಿಯಿಂದ ಹ್ಯಾಂಡ್‌ಬಿಲ್ ಎರಚುತ್ತಿದ್ದರು, ಮಕ್ಕಳು ಹಿಂದೆ ಓಡುತ್ತಿದ್ದರು. ಕಾಗದದ ಮೇಲ್ಭಾಗದಲ್ಲಿ ಕಂಪನಿಯ ಹೆಸರು, ದೇವರ ಸ್ಮರಣೆ, ಕೆಳಗೆ ಕುರ್ಚಿ, ಬೆಂಚು, ನೆಲದ ದರ. ಇವೆರಡು ಎಂದೂ ಬದಲಾಗುತ್ತಿರಲಿಲ್ಲ. ನಡುವಿನ ನಾಲ್ಕು ಸಾಲು ಮಾತ್ರ ಪ್ರತಿದಿನ ಹೊಸದು: ಇಂದಿನ ನಾಟಕ, ಇಂದಿನ ರಾಜಪಾರ್ಟು, ಇಂದಿನ ವಿಶೇಷ ಸೀನು. ಅಚ್ಚುಕೂಟದವನೂ ಮೇಲಿನ ಮತ್ತು ಕೆಳಗಿನ ಮೊಳೆಗಳನ್ನು ಬಿಚ್ಚದೆ ಇಟ್ಟು ನಡುವಿನದನ್ನಷ್ಟೇ ಮತ್ತೆ ಜೋಡಿಸಿದರೆ ಸಾಕಿತ್ತು. ಖರ್ಚು ಉಳಿಯಿತು, ಗುರುತು ಉಳಿಯಿತು, ಸುದ್ದಿ ಹೊಸದಾಯಿತು. ಚೌಕಟ್ಟು ಹಳೆಯದು, ಒಳಗಿನ ಮಾತು ಇಂದಿನದು ಎಂಬ ಈ ಏರ್ಪಾಟು ಮುಂದಿನ ನೂರು ವರ್ಷದ ಅಂಗಡಿ ಪ್ರಚಾರದಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ.

ಆದರೆ ಹ್ಯಾಂಡ್‌ಬಿಲ್ಲಿನಲ್ಲಿ ಹೊಸದನ್ನು ಹೇಳಬೇಕಾದರೆ ರಂಗದ ಮೇಲೆ ಹೊಸದು ಇರಬೇಕು. ಗುಬ್ಬಿ ಕಂಪನಿ 1934ರಲ್ಲಿ ‘ಕುರುಕ್ಷೇತ್ರ’ ನಾಟಕವನ್ನು ನಿಜವಾದ ಆನೆ ಕುದುರೆಗಳೊಂದಿಗೆ ಆಡಿ ಊರನ್ನೇ ಬೆರಗುಗೊಳಿಸಿತು. ಆ ಪ್ರಚಾರದಲ್ಲಿ ಉತ್ಪ್ರೇಕ್ಷೆಯ ಅಗತ್ಯವೇ ಇರಲಿಲ್ಲ. ಆನೆ ಬರುತ್ತದೆ ಎಂದರೆ ಸಾಕು.

ಆನೆ ಕಟ್ಟುವ ಶಕ್ತಿಯಿಲ್ಲದವರಿಗೆ ಇನ್ನೊಂದು ದಾರಿ ತೋರಿಸಿದವರು ಮಾಸ್ಟರ್ ಹಿರಣ್ಣಯ್ಯ (1934–2019). ಅವರ ‘ಲಂಚಾವತಾರ’ ಸಾವಿರಾರು ಪ್ರಯೋಗ ಕಂಡಿತು. ಅದೇ ಕಥೆ, ಅದೇ ಪಾತ್ರಗಳು. ಆದರೂ ನೋಡಿದವರೇ ಮತ್ತೆ ಬರುತ್ತಿದ್ದರು, ಏಕೆಂದರೆ ಹಿರಣ್ಣಯ್ಯನವರ ಮಾತು ಆ ದಿನದ್ದಾಗಿರುತ್ತಿತ್ತು. ಬೆಳಗಿನ ಪತ್ರಿಕೆಯಲ್ಲಿ ಬಂದ ರಾಜಕೀಯ ಸಂಜೆಗೆ ರಂಗದ ಮೇಲೆ ಬರುತ್ತಿತ್ತು. ಬರೆದ ಸಂಭಾಷಣೆಯ ನಡುವೆ ಅವರು ಊರಿನ ಸುದ್ದಿ, ಅಧಿಕಾರಿಗಳ ನಡವಳಿಕೆ, ಮಂತ್ರಿಗಳ ಹೇಳಿಕೆಗಳನ್ನು ನಿರ್ಭಯವಾಗಿ ಪೋಣಿಸುತ್ತಿದ್ದರು. ‘ಲಂಚಾವತಾರ’ದ ದೀರ್ಘಾಯುಷ್ಯದ ಗುಟ್ಟು ಹೊಸ ನಾಟಕ ಬರೆಯುವುದರಲ್ಲಿರಲಿಲ್ಲ, ಇದ್ದ ನಾಟಕಕ್ಕೆ ಇವತ್ತನ್ನು ಸೇರಿಸುವುದರಲ್ಲಿತ್ತು.

ಕರಾವಳಿಯಲ್ಲಿ ಇದೇ ಕೆಲಸವನ್ನು ಯಕ್ಷಗಾನದ ಡೇರೆ ಮೇಳಗಳು ಮಾಡಿದವು. ಮೇಳದ ತಿರುಗಾಟ ದೀಪಾವಳಿ ಕಳೆದ ಮೇಲೆ ಆರಂಭವಾಗಿ ಮಳೆಗಾಲದ ಮೊದಲು ಮುಗಿಯುತ್ತದೆ. ತುಳುನಾಡಿನಲ್ಲಿ ಪತ್ತನಾಜೆ ಬಂತೆಂದರೆ ಗೆಜ್ಜೆ ಬಿಚ್ಚುವ ಹೊತ್ತು. ಬಯಲಾಟಕ್ಕೆ ಟಿಕೆಟ್ ಇಲ್ಲ, ಹರಕೆ ಹೊತ್ತವರು ಆಡಿಸುತ್ತಾರೆ. ಡೇರೆ ಮೇಳಕ್ಕೆ ಟಿಕೆಟ್ಟೇ ಆಧಾರ. ಸಾಲಿಗ್ರಾಮ, ಪೆರ್ಡೂರಿನಂಥ ಮೇಳಗಳು ಪ್ರತಿ ತಿರುಗಾಟಕ್ಕೂ ಹೊಸ ಪ್ರಸಂಗ ಸಿದ್ಧಪಡಿಸಿಕೊಂಡವು. ಹಗಲಿನಲ್ಲಿ ಮೈಕ್ ಕಟ್ಟಿದ ಜೀಪು ಊರೂರು ಸುತ್ತಿ ಇಂದಿನ ಪ್ರಸಂಗ, ಭಾಗವತರು, ಸ್ತ್ರೀವೇಷ, ಹಾಸ್ಯ ಯಾರದ್ದೆಂದು ಸಾರುತ್ತ ಕರಪತ್ರ ಹಂಚುತ್ತಿತ್ತು. ಕಥೆ ಮಹಾಭಾರತದ್ದೇ ಆದರೂ ಇವತ್ತು ಕರ್ಣ ಯಾರು ಎಂಬುದು ಕರಾವಳಿಯ ಪ್ರೇಕ್ಷಕನಿಗೆ ನಿಜವಾದ ಸುದ್ದಿ. ಈಗ ಆ ಜೀಪಿನ ಕೆಲಸದ ದೊಡ್ಡ ಪಾಲನ್ನು ವಾಟ್ಸ್‌ಆ್ಯಪ್ ಮಾಡುತ್ತಿದೆ. ಇಂದಿನ ಯಕ್ಷಗಾನ ಎಂಬ ಪಟ್ಟಿ ದಿನವೂ ಗುಂಪಿನಿಂದ ಗುಂಪಿಗೆ ಹರಿದು, ಮುಂಬೈ, ಗಲ್ಫ್ ದೇಶಗಳಲ್ಲಿರುವ ಕರಾವಳಿಗರ ಫೋನಿಗೂ ತಲುಪುತ್ತದೆ.

ಹೋಟೆಲಿಗೆ ಹ್ಯಾಂಡ್‌ಬಿಲ್ ಬೇಕಿರಲಿಲ್ಲ. ಅದರ ಬಾಗಿಲಲ್ಲಿ ಕಪ್ಪು ಹಲಗೆ ಇತ್ತು. ಉಡುಪಿ ಕಡೆಯಿಂದ ಹೊರಟವರು 20ನೇ ಶತಮಾನದ ಮೊದಲರ್ಧದಲ್ಲಿ ಬೆಂಗಳೂರು, ಮೈಸೂರು, ಮುಂಬೈ, ಮದ್ರಾಸುಗಳಲ್ಲಿ ತೆರೆದ ಹೋಟೆಲುಗಳಲ್ಲಿ ‘ಇಂದಿನ ವಿಶೇಷ’ ಎಂಬ ಎರಡು ಪದ ಬಣ್ಣದಲ್ಲಿ ಬರೆದು ಶಾಶ್ವತವಾಗಿರುತ್ತಿದ್ದವು, ಅದರ ಕೆಳಗಿನ ಸೀಮೆಸುಣ್ಣದ ಸಾಲು ದಿನವೂ ಅಳಿಸಿ ಬರೆಯುವಂಥದ್ದು. ಮತ್ತೆ ಅದೇ ಏರ್ಪಾಟು. ಭಾನುವಾರದ ಸಿಹಿ, ಏಕಾದಶಿಯ ಫಲಾಹಾರ, ಮಾವಿನ ಕಾಲದ ರಸಾಯನ, ಚಳಿಗಾಲದ ಅವರೆಕಾಳು ಉಪ್ಪಿಟ್ಟು. ವಾರ, ತಿಥಿ, ಹಂಗಾಮು ಮೂರೂ ಸೇರಿ ಹಲಗೆಗೆ ಮಾತು ಒದಗಿಸುತ್ತಿದ್ದವು, ಅಡುಗೆಭಟ್ಟರು ಅದಕ್ಕೆ ರುಚಿ ಒದಗಿಸುತ್ತಿದ್ದರು.

ಬೆಂಗಳೂರಿನ ಎಂಟಿಆರ್ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಹೋಟೆಲು ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿನ ಅಕ್ಕಿ ನಿಂತಿತು. ಅಕ್ಕಿಯಿಲ್ಲದೆ ಇಡ್ಲಿ ಹೇಗೆ? ರವೆಯಿಂದ ಮಾಡಿ ನೋಡಿದರು, ರವೆ ಇಡ್ಲಿ ಹುಟ್ಟಿತು ಎಂಬುದು ಎಂಟಿಆರ್‌ನವರ ಹೇಳಿಕೆ. ಇನ್ನೊಂದು ಕಥೆಯನ್ನೂ ಅವರು ಹೇಳುತ್ತಾರೆ. ಹೋಟೆಲಿನಲ್ಲಿ ಹೊಸದಾಗಿ ಮಾಡಿದ ಸಿಹಿಯೊಂದು ವಿದೇಶಿ ಹೆಸರಿನಲ್ಲಿ ಹೆಚ್ಚು ಖರ್ಚಾಗಲಿಲ್ಲವಂತೆ. ಆಗ ಜನರ ಬಾಯಲ್ಲಿದ್ದ ‘ಚಂದ್ರಹಾರಂ’ ಚಿತ್ರದ ಹೆಸರನ್ನು ಅದಕ್ಕೆ ಇಟ್ಟರಂತೆ, ಸಿಹಿಗೆ ಬೇಡಿಕೆ ಬಂತಂತೆ. ಎನ್.ಟಿ. ರಾಮರಾವ್ ನಟಿಸಿದ ಆ ತೆಲುಗು ಚಿತ್ರ ತೆರೆಕಂಡದ್ದು 1954ರಲ್ಲಿ. ಚಿತ್ರ ಮರೆತುಹೋದರೂ ಚಂದ್ರಹಾರ ಇಂದಿಗೂ ಎಂಟಿಆರ್‌ನ ಭಾನುವಾರದ ಸಿಹಿಯಾಗಿ ಉಳಿದಿದೆ.

ಸಂಸ್ಥಾಪಕರಲ್ಲೊಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ನೋಡಿ ಬಂದರು. ಅಲ್ಲಿನ ಹೋಟೆಲುಗಳ ಸ್ವಚ್ಛತೆ ಅವರ ಮನಸ್ಸಿಗೆ ನಾಟಿತು. ಎಂಟಿಆರ್‌ನಲ್ಲಿ ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡುವ ಪದ್ಧತಿ ಬೆಳೆಯಿತು. ಇವತ್ತಿನ ತಿಂಡಿ ಅಂಗಡಿಗಳು ಕಾವಲಿಯ ಮೇಲೆ ದೋಸೆ ಹರಡುವ, ಒಗ್ಗರಣೆ ಸಿಡಿಯುವ ವಿಡಿಯೊಗಳನ್ನು ದಿನವೂ ಹಾಕುತ್ತವೆ. ಜನ ಅದನ್ನು ನೋಡಿ ಬೇಸರಗೊಳ್ಳುವುದಿಲ್ಲ. ತಿನ್ನುವ ಮೊದಲು ಒಲೆಯ ಕಡೆಗೊಮ್ಮೆ ಇಣುಕುವ ಆಸೆ ಎಲ್ಲ ಕಾಲದ್ದು.

ಎಲ್ಲ ಪ್ರಚಾರವೂ ದಿನದ್ದಾಗಿರಲಿಲ್ಲ. ವರ್ಷವಿಡೀ ಗೋಡೆಯ ಮೇಲಿರುವ ಕ್ಯಾಲೆಂಡರಿನ ಕಥೆ ಬೇರೆ. 1920ರ ದಶಕದಲ್ಲಿ ಶಿವಕಾಶಿಯ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಕಲ್ಕತ್ತೆಗೆ ಹೋಗಿ ಬೆಂಕಿಕಡ್ಡಿ ತಯಾರಿಕೆ ಕಲಿತು ಬಂದರು. ಬೆಂಕಿಪೊಟ್ಟಣಕ್ಕೆ ಬಣ್ಣದ ಲೇಬಲ್ಲು ಬೇಕಾಯಿತು, ಲೇಬಲ್ಲಿಗಾಗಿ ಮುದ್ರಣಾಲಯಗಳು ಬೆಳೆದವು, ಆ ಮುದ್ರಣಾಲಯಗಳೇ ಮುಂದೆ ದೇಶಕ್ಕೆಲ್ಲ ಕ್ಯಾಲೆಂಡರು ಒದಗಿಸಿದವು. ಏಜೆಂಟನೊಬ್ಬ ದಪ್ಪನೆಯ ಮಾದರಿ ಪುಸ್ತಕ ಹೊತ್ತು ಅಂಗಡಿ ಅಂಗಡಿಗೆ ಬರುತ್ತಿದ್ದ. ಮಾಲೀಕರು ಲಕ್ಷ್ಮಿಯನ್ನೋ ಮುರುಗನನ್ನೋ ನಗುವ ಮಗುವನ್ನೋ ಆರಿಸಿದರೆ ಕೆಳಗಿನ ಖಾಲಿ ಪಟ್ಟಿಯಲ್ಲಿ ಅಂಗಡಿಯ ಹೆಸರು ಅಚ್ಚಾಗಿ ಬರುತ್ತಿತ್ತು.

ಆ ದೇವರುಗಳಿಗೆ ರೂಪ ಕೊಟ್ಟವರಲ್ಲಿ ಕಲಬುರಗಿಯ ಎಸ್.ಎಂ. ಪಂಡಿತ್ (1916–1993) ದೊಡ್ಡವರು. ಮುಂಬೈನಲ್ಲಿ ಹಿಂದಿ ಚಿತ್ರಗಳ ಪೋಸ್ಟರ್ ಬರೆದ ಕೈಯೇ ಪುರಾಣದ ದೃಶ್ಯಗಳನ್ನೂ ಕ್ಯಾಲೆಂಡರಿಗಾಗಿ ಬರೆಯಿತು. ಅವರ ಕೃಷ್ಣ, ಶಿವ, ದೇವಿಯರಿಗೆ ಮೈಕಟ್ಟು, ಬೆಳಕು, ನಾಟಕೀಯ ನಿಲುವು ಇತ್ತು. ವರ್ಷ ಮುಗಿದ ಮೇಲೆ ದಿನಾಂಕದ ಹಾಳೆ ಕಿತ್ತು ಚಿತ್ರಕ್ಕೆ ಕಟ್ಟು ಹಾಕಿಸಿ ದೇವರ ಮನೆಯಲ್ಲಿಟ್ಟ ಮನೆಗಳು ಎಷ್ಟೋ. ಕಲಬುರಗಿಯ ರಂಗಮಂದಿರಕ್ಕೆ ಇಂದು ಅವರ ಹೆಸರಿದೆ. ಕಿರಾಣಿ ಅಂಗಡಿಯ ಹೆಸರೊಂದು ದೇವರ ಪಾದದಡಿ ಸೇರಿ ಪೂಜೆಯ ಜಾಗಕ್ಕೆ ತಲುಪಿದ್ದು ಇಂಥ ಕಲಾವಿದರ ಕುಂಚದಿಂದ.

ಕ್ಯಾಲೆಂಡರಿನ ಚಿತ್ರ ವರ್ಷವಿಡೀ ಅದೇ ಇದ್ದರೂ ಜನ ದಿನವೂ ಅದರ ಕಡೆ ನೋಡುತ್ತಿದ್ದರು. ಹಾಲಿನ ಲೆಕ್ಕ ಬರೆಯಲು, ರಾಹುಕಾಲ, ಅಮಾವಾಸ್ಯೆ, ರಜೆ ನೋಡಲು. 1916ರಲ್ಲಿ ಶುರುವಾದ ಬೆಂಗಳೂರು ಪ್ರೆಸ್‌ನ ಕ್ಯಾಲೆಂಡರಿನಲ್ಲಿ ದೇವರ ಚಿತ್ರದ ಆಕರ್ಷಣೆಯೂ ಇರಲಿಲ್ಲ. ತಿಥಿ, ನಕ್ಷತ್ರ, ಸರ್ಕಾರಿ ರಜೆಗಳ ಮಾಹಿತಿಯ ಬಲದಿಂದಲೇ ಅದು ತಲೆಮಾರುಗಳ ಕಾಲ ಕಚೇರಿ, ಮನೆಗಳ ಗೋಡೆಯಲ್ಲಿ ಉಳಿಯಿತು. ಹೊಸತನ ಸಾಧ್ಯವಿಲ್ಲದ ಕಡೆ ಉಪಯೋಗ ಕೈಹಿಡಿಯಿತು.

ಸಿನಿಮಾ ಬಂದ ಮೇಲೆ ಅಂಗಡಿಯ ಹೆಸರಿಗೆ ಇನ್ನೊಂದು ಜಾಗ ಸಿಕ್ಕಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಮುಂದಿನ ದಶಕಗಳಲ್ಲಿ ಹಳ್ಳಿಹಳ್ಳಿಗೆ ಟೂರಿಂಗ್ ಟಾಕೀಸಿನ ಡೇರೆ ಬಂತು. ಘಂಟಸಾಲ ಹಾಡಿದ ‘ನಮೋ ವೆಂಕಟೇಶ’ ಧ್ವನಿವರ್ಧಕದಲ್ಲಿ ಕೇಳಿಸಿತೆಂದರೆ ಆಟ ಶುರುವಾಗುವ ಹೊತ್ತಾಯಿತೆಂದು ಸುತ್ತಲಿನ ಊರಿಗೆ ತಿಳಿಯುತ್ತಿತ್ತು. ಇಂಟರ್‌ವಲ್ಲಿನಲ್ಲಿ ಗಾಜಿನ ಸ್ಲೈಡುಗಳು. ಪೇಂಟರ್ ಕೈಯಿಂದ ಬರೆದ ಅಕ್ಷರ, ಮೂಲೆಯಲ್ಲೊಂದು ಹೂವು, ನಡುವೆ ಟೈಲರ್ ಅಂಗಡಿಯದೋ ಚಿನ್ನಬೆಳ್ಳಿ ವ್ಯಾಪಾರದ್ದೋ ಹೆಸರು. ಕತ್ತಲಲ್ಲಿ ತಮ್ಮೂರಿನ ಅಂಗಡಿಯ ಹೆಸರು ಬೆಳ್ಳಿತೆರೆಯ ಮೇಲೆ ಬೆಳಗಿದಾಗ ಮಾಲೀಕರ ಮನೆಯವರಿಗೆ ಆಗುತ್ತಿದ್ದ ಸಂತೋಷಕ್ಕೆ ಪಾರವಿರಲಿಲ್ಲ. ಆದರೆ ಸ್ಲೈಡು ಬದಲಿಸಲು ಮತ್ತೆ ಹಣ ಬೇಕು. ಹೀಗಾಗಿ ಎಷ್ಟೋ ಸ್ಲೈಡುಗಳು ಗೀರು ಬಿದ್ದು ಮಸುಕಾಗುವವರೆಗೂ ಅದೇ ಮಾತನ್ನು ಹೇಳುತ್ತ ಉಳಿದವು. ಜನ ಆ ಹೊತ್ತಿಗೆ ಕಡಲೆಕಾಯಿ ಕೊಳ್ಳಲು ಹೊರಗೆ ಹೋಗುವುದನ್ನು ಕಲಿತರು.

ರೇಡಿಯೊ ಸಣ್ಣ ವ್ಯಾಪಾರಿಗೆ ತಡವಾಗಿ ದಕ್ಕಿತು. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದಾಗ ಅದರಲ್ಲಿ ವ್ಯಾಪಾರದ ಮಾತಿರಲಿಲ್ಲ. ವಿವಿಧ ಭಾರತಿಯಲ್ಲಿ ಜಾಹೀರಾತು ಬಂದದ್ದು 1967ರಲ್ಲಿ. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಬೆಂಗಳೂರಿನಲ್ಲೇ 2001ರ ಜುಲೈನಲ್ಲಿ ದನಿ ತೆಗೆಯಿತು. ಈ ದಶಕಗಳಲ್ಲಿ ಇಡೀ ದೇಶಕ್ಕೆ ದಿನದ ಮಾತಿನ ಪಾಠ ಹೇಳಿದ್ದು ಅಮೂಲ್ ಬೆಣ್ಣೆಯ ಫಲಕಗಳು. 1966ರಲ್ಲಿ ಸಿಲ್ವೆಸ್ಟರ್ ಡಕುನ್ಹಾ ಅವರ ತಂಡ ರೂಪಿಸಿದ ಚುಕ್ಕಿ ಫ್ರಾಕಿನ ಹುಡುಗಿ ಎಂದೂ ಬದಲಾಗಲಿಲ್ಲ, ಅವಳ ಮಾತು ಮಾತ್ರ ಆಯಾ ಕಾಲದ ಕ್ರಿಕೆಟ್, ರಾಜಕೀಯ, ಸಿನಿಮಾಗಳ ಬೆನ್ನು ಹತ್ತಿತು. ಟ್ರೆಡಲ್ ಯಂತ್ರದ ಹ್ಯಾಂಡ್‌ಬಿಲ್ ಕಂಡುಕೊಂಡ ಏರ್ಪಾಟೇ ಇದು, ಅಳತೆ ಮಾತ್ರ ದೊಡ್ಡದು.

2000ದ ದಶಕದಲ್ಲಿ ಫ್ಲೆಕ್ಸ್ ಬಂತು. ಗೋಡೆಬರಹದ, ಬಟ್ಟೆ ಬ್ಯಾನರಿನ ಪೇಂಟರುಗಳ ಕೆಲಸವನ್ನು ಅದು ಕೆಲವೇ ವರ್ಷಗಳಲ್ಲಿ ಕಸಿದುಕೊಂಡಿತು. ಪ್ರತಿಯೊಬ್ಬ ಪೇಂಟರಿಗೂ ತನ್ನದೇ ಆದ ಅಕ್ಷರದ ಬಾಗು ಇತ್ತು. ಬೋರ್ಡು ನೋಡಿ ಇದು ಇಂಥವರು ಬರೆದದ್ದೆಂದು ಊರಿನವರು ಹೇಳಬಲ್ಲವರಾಗಿದ್ದರು. ಫ್ಲೆಕ್ಸಿನಲ್ಲಿ ಎಲ್ಲ ಊರಿನ ಅಕ್ಷರವೂ ಒಂದೇ ಆಯಿತು. ಯುಗಾದಿಯ ಶುಭಾಶಯ, ದೀಪಾವಳಿಯ ಶುಭಾಶಯ, ರಾಜ್ಯೋತ್ಸವದ ಶುಭಾಶಯ. ಅದೇ ದೀಪ, ಅದೇ ಬಾವುಟ, ಅದೇ ಕೈಮುಗಿದ ಫೋಟೊ. ಅಗ್ಗವಾಗಿ, ಬೇಗ ಸಿಗುತ್ತದೆಂಬ ಕಾರಣಕ್ಕೆ ಹೇಳಲು ಏನೂ ಇಲ್ಲದವರೂ ಹಾಕಿಸಿದರು. ಪರಿಸರಕ್ಕೂ ಕಣ್ಣಿಗೂ ಅದು ಹೊರೆಯಾಯಿತು. 2016ರಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಆದೇಶದಲ್ಲಿ ಫ್ಲೆಕ್ಸ್ ಕೂಡ ಸೇರಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಖಡಕ್ಕಾಗಿ ನಿಂತ ಮೇಲೆ ಬೆಂಗಳೂರಿನ ರಸ್ತೆಗಳಿಂದ ಫ್ಲೆಕ್ಸುಗಳನ್ನು ರಾಶಿರಾಶಿಯಾಗಿ ತೆಗೆದರು.

ಆ ಹೊತ್ತಿಗೆ ಪ್ರಚಾರ ಕಂಬದಿಂದ ಅಂಗೈಗೆ ಇಳಿದಿತ್ತು. ಫೇಸ್‌ಬುಕ್ 2007ರಲ್ಲಿ ವ್ಯಾಪಾರಗಳಿಗೆ ಪೇಜ್ ತೆರೆಯಲು ಅವಕಾಶ ಕೊಟ್ಟಿತು. 2010ರಲ್ಲಿ ಇನ್‌ಸ್ಟಾಗ್ರಾಮ್ ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ವಿಡಿಯೊ ನೋಡುವುದು ಹಳ್ಳಿಗೂ ನಿತ್ಯದ ಮಾತಾಯಿತು. 2017ರಲ್ಲಿ ವಾಟ್ಸ್‌ಆ್ಯಪ್ ಸ್ಟೇಟಸ್ ಚಿತ್ರ, ವಿಡಿಯೊಗಳ ಹೊಸ ರೂಪ ಪಡೆಯಿತು, 2018ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಬಂತು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಜುಲೈನಲ್ಲಿ ಇನ್‌ಸ್ಟಾಗ್ರಾಮ್ ಭಾರತದಲ್ಲಿ ರೀಲ್ಸ್ ಶುರುಮಾಡಿತು. ಆ ವರ್ಷವೇ ಲಾಕ್‌ಡೌನ್. ಬಾಗಿಲು ಮುಚ್ಚಿದ ಅಂಗಡಿಗೆ ಫೋನೇ ಬಾಗಿಲಾಯಿತು.

ಹೊಸ ಮಾಧ್ಯಮ ಸಣ್ಣ ವ್ಯಾಪಾರಿಗೆ ಒಂದು ದೊಡ್ಡ ಉಪಕಾರ ಮಾಡಿತು: ಮಾತು ಬದಲಿಸುವ ಖರ್ಚನ್ನು ಬಹುತೇಕ ಇಲ್ಲವಾಗಿಸಿತು. ಸ್ಲೈಡಿನಂತೆ ಗೀರು ಬೀಳುವವರೆಗೂ ಕಾಯಬೇಕಿಲ್ಲ, ಹಲಗೆಯಂತೆ ಅಳಿಸಿ ಬರೆಯಬಹುದು. ಮಂಗಳೂರು ಕಡೆಯ ಮೀನಿನ ಅಂಗಡಿಯವರು ಬೆಳಿಗ್ಗೆ ದಕ್ಕೆಯಿಂದ ತಂದ ಬಂಗುಡೆ, ಅಂಜಲ್‌ನ ಫೋಟೊವನ್ನು ದರದ ಸಮೇತ ಸ್ಟೇಟಸ್‌ಗೆ ಹಾಕುತ್ತಾರೆ. ಸೀರೆ ಮಾರುವ ಗೃಹಿಣಿಯರು ಗಂಟು ಬಿಚ್ಚುವಾಗಲೇ ವಿಡಿಯೊ ಮಾಡಿ ಹೊಸ ಸ್ಟಾಕ್ ತೋರಿಸುತ್ತಾರೆ. ಇವು ಯಾರೂ ಹೇಳಿಕೊಟ್ಟ ತಂತ್ರಗಳಲ್ಲ. ಸಂತೆಯ ಕೂಗು ಬಲ್ಲವರಿಗೆ ತಾನಾಗಿ ಬಂದವು.

ಆದರೆ ಅದೇ ಸುಲಭ ಫ್ಲೆಕ್ಸಿನ ರೋಗವನ್ನೂ ಫೋನಿಗೆ ತಂದಿದೆ. ಸಿದ್ಧ ಟೆಂಪ್ಲೇಟಿನಲ್ಲಿ ಲೋಗೊ ಅಂಟಿಸಿದ ಹಬ್ಬದ ಶುಭಾಶಯ, ಎಲ್ಲರೂ ಹಾಕಿದ ಅದೇ ಸುಭಾಷಿತ, ವಾರಕ್ಕೆ ಮೂರು ಸಲ ‘ಭರ್ಜರಿ ರಿಯಾಯಿತಿ’. ಇಂಥ ಪುಟಗಳಲ್ಲಿ ಪೋಸ್ಟುಗಳಿರುತ್ತವೆ, ಅಂಗಡಿ ಇರುವುದಿಲ್ಲ. ಗಿರಾಕಿಗೆ ಕಾಣಬೇಕಾದದ್ದು ಒಲೆ, ಮಗ್ಗ, ಕತ್ತರಿ, ಗಲ್ಲಾದ ಹಿಂದೆ ಕೂತ ಮನುಷ್ಯ.

ಹಂಗಾಮನ್ನು ನಂಬಿ ಗೆದ್ದವರ ಉದಾಹರಣೆ ಬೆಂಗಳೂರಿನ ವಿ.ವಿ. ಪುರದಲ್ಲಿದೆ. ಅಲ್ಲಿನ ವಾಸವಿ ಕಾಂಡಿಮೆಂಟ್ಸ್ ಎಂಬ ಕುರುಕಲು ತಿಂಡಿಯ ಅಂಗಡಿ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಚಳಿಗಾಲದಲ್ಲಿ ಅವರೆಬೇಳೆ ಮೇಳ ನಡೆಸಿಕೊಂಡು ಬಂದಿದೆ. ಮಾಗಡಿ ಸೀಮೆಯ ಸೊಗಡು ಅವರೆ ಮಾರುಕಟ್ಟೆಗೆ ಬರುವ ಕಾಲ ಅದು. ಅವರೆಬೇಳೆ ದೋಸೆ, ಹುಗ್ಗಿ, ಹಿತಕಿದಬೇಳೆ ಸಾರು ಎಲ್ಲರಿಗೂ ಗೊತ್ತಿದ್ದವೇ. ಅವುಗಳ ಜೊತೆಗೆ ಅವರೆಬೇಳೆ ಜಿಲೇಬಿ, ಅವರೆಬೇಳೆ ಐಸ್‌ಕ್ರೀಮ್‌ನಂಥ ಹೊಸ ಪ್ರಯೋಗಗಳು ಸೇರಿಕೊಂಡವು. ಜನ ತಿಂದು, ಫೋಟೊ ತೆಗೆದು, ತಾವೇ ಹಂಚಿದರು. ಅಂಗಡಿ ಮಾಡಿದ್ದು ಪ್ರಚಾರಕ್ಕಿಂತ ಮೊದಲು ಹಬ್ಬವನ್ನು. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕ ಮಾಸದ ಕೊನೆಯ ಸೋಮವಾರವನ್ನು ನಂಬಿಕೊಂಡು ಎಷ್ಟೋ ತಲೆಮಾರು ಬಾಳಿದ ಊರಿನಲ್ಲಿ ಇದು ಸಹಜವಾಗಿ ಬೇರೂರಿತು.

ಕರಾವಳಿಯ ಮಗ್ಗಗಳ ಕಥೆಯಲ್ಲಿ ಹೊಸತನ ಬಂದದ್ದು ಇನ್ನೊಂದು ದಿಕ್ಕಿನಿಂದ. ಉಡುಪಿ ಸೀರೆ ನೇಯುವವರು ಬೆರಳೆಣಿಕೆಗೆ ಇಳಿದಿದ್ದ ಹೊತ್ತಿನಲ್ಲಿ ಕಾರ್ಕಳದ ಕದಿಕೆ ಟ್ರಸ್ಟ್ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜೊತೆ ಕೈಜೋಡಿಸಿತು. ಸೀರೆಯ ಬಣ್ಣ ಅಂಚುಗಳ ಜೊತೆ ಅದನ್ನು ನೇಯ್ದವರ ಹೆಸರು, ಮುಖಗಳನ್ನೂ ಜನರ ಮುಂದಿಟ್ಟಿತು. ಹತ್ತಿಯ ಸೀರೆ ಕಣ್ಣಿಗೆ ಎಷ್ಟು ಸಲ ಬಿದ್ದರೂ ಸೀರೆಯೇ. ನೇಯ್ದವರ ಬದುಕು ಮಾತ್ರ ಪ್ರತಿ ಸಲವೂ ಬೇರೆ. ಕೊಳ್ಳುವವರಿಗೆ ಸೀರೆಯ ಹಿಂದಿನ ಕೈ ಗೊತ್ತಾಯಿತು, ಮಗ್ಗ ಬಿಟ್ಟಿದ್ದವರಲ್ಲಿ ಕೆಲವರು ಮರಳಿ ಬಂದರು.

ಕಂಪನಿ ನಾಟಕದಿಂದ ಕದಿಕೆಯವರೆಗೆ ಹರಡಿರುವ ಈ ಕಥೆಯನ್ನು ಇಂದು ಬರೆಯಲು ಆಗುತ್ತಿರುವುದಕ್ಕೆ ಒಂದು ಕಾರಣವಿದೆ. ಹಳೆಯ ಹ್ಯಾಂಡ್‌ಬಿಲ್, ಯಕ್ಷಗಾನದ ಕರಪತ್ರ, ಕ್ಯಾಲೆಂಡರ್, ಪೊಟ್ಟಣದ ಲೇಬಲ್ಲುಗಳನ್ನು ಯಾರೋ ಪುಣ್ಯಾತ್ಮರು ಟ್ರಂಕಿನಲ್ಲಿ, ಪುಸ್ತಕದ ನಡುವೆ ಎತ್ತಿಟ್ಟರು. ಯಾವ ಊರಿನಲ್ಲಿ ಯಾವ ನಾಟಕ ನಡೆಯಿತು, ಬೆಂಚಿನ ದರ ಎಷ್ಟಿತ್ತು, ಯಾವ ವರ್ಷ ಅಂಗಡಿಗೆ ಮೊದಲ ಟೆಲಿಫೋನ್ ನಂಬರ್ ಬಂತು ಎಂಬುದಕ್ಕೆ ಆ ತೆಳುಗಾಗದಗಳಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಇಂದಿನ ಸ್ಟೇಟಸ್ 24 ಗಂಟೆಯಲ್ಲಿ ಅಳಿಯುತ್ತದೆ. ಫೋನ್ ಬದಲಾದರೆ, ಅಕೌಂಟ್ ಕಳೆದರೆ ಹತ್ತು ವರ್ಷದ ವ್ಯಾಪಾರದ ಮಾತು ಒಟ್ಟಿಗೆ ಹೋಗುತ್ತದೆ. ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು, ಜಿಲ್ಲಾ ಗ್ರಂಥಾಲಯಗಳು ತಮ್ಮ ಊರಿನ ಅಂಗಡಿಗಳಿಂದ ಇವನ್ನು ಕೇಳಿ ಪಡೆದು ಇಡುವ ಕೆಲಸ ಈಗಲೇ ಆರಂಭವಾಗಬೇಕು. ಅಲ್ಲಿಯವರೆಗೆ ಅಂಗಡಿಯವರೇ ವರ್ಷಕ್ಕೊಂದು ಫೋಲ್ಡರ್ ಮಾಡಿ, ಹಾಕಿದ ಫೋಟೊ, ವಿಡಿಯೊ, ಬೆಲೆಪಟ್ಟಿಗಳನ್ನು ದಿನಾಂಕ ಮತ್ತು ಊರಿನ ಹೆಸರಿನೊಂದಿಗೆ ಉಳಿಸಿಕೊಳ್ಳಲಿ. ಅದು ಮುಂದಿನ ಹಬ್ಬಕ್ಕೆ ಏನು ಹಾಕಬೇಕೆಂದು ಯೋಚಿಸುವಾಗ ಅವರಿಗೂ ಒದಗುತ್ತದೆ, ನಮ್ಮ ಪೇಟೆಬೀದಿಗಳ ಚರಿತ್ರೆ ಬರೆಯುವವರಿಗೂ ಒದಗುತ್ತದೆ.